ಬಲಗಡೆಯ ಹೂವು

"ಗುರುಗಳೇ, ಒಬ್ಬನ ಮೇಲೆ ಅನುಮಾನ ಬಂದರೆ, ಎಷ್ಟು ಸಲ ಪರೀಕ್ಷಿಸಿದ ಮೇಲೆ ಅದನ್ನು ನಿಜವೆಂದು ನಂಬಬಹುದು?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಒಂದು ಬೆಳಿಗ್ಗೆ ನೋಡಿದರೆ ಅವನ ಗಾಣದ ಎತ್ತು ಕೊಟ್ಟಿಗೆಯಲ್ಲಿ ನೊರೆ ಕಾರಿ ಸತ್ತುಬಿದ್ದಿತ್ತು. ಹಿಂದಿನ ಸಂಜೆಯಷ್ಟೇ, ಅದೇ ಮನೆಯಲ್ಲಿದ್ದ ಅವನ ತಮ್ಮ ತಾನು ಬೇರೆ ಗಾಣ ಹೂಡುತ್ತೇನೆಂದು ಜಗಳ ತೆಗೆದಿದ್ದ. ಗಾಣಿಗನಿಗೆ ಅಷ್ಟೇ ಸಾಕಾಯಿತು. ವಿಷ ಹಾಕಿದವನು ಇವನೇ! ತಮ್ಮ ಅತ್ತರೆ ನಾಟಕವೆನ್ನಿಸಿತು, ಅಳದಿದ್ದರೆ ಕಲ್ಲೆದೆಯೆನ್ನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆದರೂ ಒಡಹುಟ್ಟಿದವನು, ಅನ್ಯಾಯವಾಗಬಾರದು. ಗಾಣಿಗ ಊರದೇವಿಯ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದ. ಪೂಜಾರಿ ಹೂಗಳನ್ನು ನೀರಿನಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೂ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ತಮ್ಮ ತಪ್ಪಿತಸ್ಥ, ಎಡಗಡೆಯದು ಬಿದ್ದರೆ ಅಲ್ಲ.

ಎಡಗಡೆಯದು ಬಿತ್ತು.

ಸಂತೋಷಪಡಬೇಕಾದವನು ಮುಖ ಗಂಟಿಕ್ಕಿದ. ಬಾಗಿಲಿಂದ ಗಾಳಿ ಬೀಸಿರಬೇಕು ಅಂದುಕೊಂಡ. ಮರುವಾರ ಬಾಗಿಲು ಮುಚ್ಚಿಸಿ ಕೇಳಿದ. ಮತ್ತೆ ಎಡ. ತಮ್ಮನೇ ಪೂಜಾರಿಯ ಕಿವಿ ಊದಿದ್ದಾನೆಂದು ಈಗ ಪೂಜಾರಿಯ ಮೇಲೂ ಅನುಮಾನ. ಅದರ ಮುಂದಿನ ವಾರ ಹೂವನ್ನು ತಾನೇ ತಂದು, ತಾನೇ ಅದ್ದಿಕೊಟ್ಟ.

"ಯಜಮಾನ್ರೇ, ತಾಯಿ ಎರಡು ಸಲ ಹೇಳಿದಳಲ್ಲ. ಇನ್ನೆಷ್ಟು ಸಲ ಕೇಳ್ತೀರಿ?" ಎಂದ ಪೂಜಾರಿ.

"ನನಗೆ ಸಮಾಧಾನ ಆಗೋವರೆಗೆ" ಎಂದ ಗಾಣಿಗ.

ಈ ಸಲ ಬಲಗಡೆಯದು ಬಿತ್ತು. ಗಾಣಿಗ ಉದ್ದಕ್ಕೆ ಅಡ್ಡಬಿದ್ದ. ಕೊನೆಗೂ ತಾಯಿ ಸತ್ಯ ನುಡಿದಳೆಂದು ಕಣ್ಣೀರಿಟ್ಟ. ಅಂದು ಗುಡಿಯ ಬಾಗಿಲು ತೆರೆದೇ ಇತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ.

ಮನೆಗೆ ಬಂದವನೇ ತಮ್ಮನ ಬಟ್ಟೆಗಂಟನ್ನು ಬೀದಿಗೆಸೆದ. ತಮ್ಮ ಅವನ ಕಾಲು ಹಿಡಿದ, ಮಕ್ಕಳಾಣೆ ಇಟ್ಟ. ಗಾಣಿಗ ಕಾಲು ಕೊಡವಿಕೊಂಡ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ ತಮ್ಮ ಮತ್ತೆ ಬರಲಿಲ್ಲ. ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಯಾರಿಗೂ ತಿಳಿಯದು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ವಿಷ ಹಾಕಿದವನು ತಮ್ಮನೇ ಹೌದೋ ಅಲ್ಲವೋ, ಗುರುಗಳೇ?"

"ಅದಿರಲಿ, ಬಲಗಡೆಯ ಹೂವು ಬಿದ್ದ ಮೇಲೆ ಗಾಣಿಗ ಯಾಕೆ ಇನ್ನೊಮ್ಮೆ ಕೇಳಲಿಲ್ಲ?" ಎಂದರು ಗುರುಗಳು.