ಲೊಚಕ್ಕನ ಕತ್ತು ಸಡಿಲವಾದದ್ದು

ಮನೆಯವರು ಏನು ಮಾತಾಡಿದರೂ ಸೂರಿನಿಂದ ಲೊಚಗುಟ್ಟಿ 'ಸತ್ಯ' ಎಂದು ಮುದ್ರೆ ಒತ್ತುವುದು ಹಲ್ಲಿ ಲೊಚಕ್ಕನ ಕೆಲಸ. ಒಂದು ಬೆಳಿಗ್ಗೆ ಆಕೆಗೆ ಕತ್ತು ಹಿಡಿದುಕೊಂಡಿತು. ಬೇಲಿಯ ಮೇಲಿನ ವೈದ್ಯ ಓತಿಕ್ಯಾತನ ಬಳಿಗೆ ಹೋದಳು.

ಓತಿಕ್ಯಾತ ತಲೆಯಾಡಿಸುತ್ತ ಎರಡು ಮಾತ್ರೆ ಕೊಟ್ಟ. "ಬಿಗಿದ ಸ್ನಾಯು ಇದರಿಂದ ಸಡಿಲವಾಗುತ್ತದೆ. ಈಗ ಒಂದು, ನಾಳೆ ಒಂದು. ಮಂಪರು ಬರುತ್ತದೆ, ಹಿಡಿತ ತಪ್ಪುತ್ತದೆ. ಗೋಡೆ ಹತ್ತದೆ ನೆಲದಲ್ಲೇ ಮಲಗಿರಿ."

"ಚೆನ್ನಾಗಿ ಹೇಳಿದಿರಿ! ಇವತ್ತು ನಮ್ಮ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ. ನಾನು ಮಲಗಿದರೆ ಲೊಚಗುಟ್ಟುವವರು ಯಾರು?" ಎಂದ ಲೊಚಕ್ಕ, ಎರಡು ಪಟ್ಟು ಬೇಗ ವಾಸಿಯಾಗಲೆಂದು ಎರಡನ್ನೂ ಒಟ್ಟಿಗೆ ನುಂಗಿ ಸೂರಿಗೇರಿದಳು.

ಕೆಳಗೆ ಗಂಡಿನ ಸೋದರಮಾವ ಉಪ್ಪಿಟ್ಟು ತಿನ್ನುತ್ತ, "ನಮ್ಮ ಹುಡುಗನಿಗೆ ಒಂದೇ ಒಂದು ದುರಭ್ಯಾಸವಿಲ್ಲ" ಎಂದ. ಮಾತು ನಿಜವೇ ಆಗಿತ್ತು. ಲೊಚಗುಟ್ಟಲು ಲೊಚಕ್ಕ ಬಾಯಿ ತೆರೆದರೆ ಆಕಳಿಕೆ ಬಂತು. ನಾಲ್ಕು ಕಾಲೂ ಒಮ್ಮೆಲೇ ಸಡಿಲಗೊಂಡು, ಆಕೆ ಮಾವನ ಬೋಳುತಲೆಯ ಮೇಲೆ ತೊಪ್ಪನೆ ಬಿದ್ದಳು. ಗಾಬರಿಗೆ ಕಳಚಿದ ಬಾಲ ಉಪ್ಪಿಟ್ಟಿನ ತಟ್ಟೆಯಲ್ಲಿ ಕುಣಿಯತೊಡಗಿತು.

"ಅಪಶಕುನ!" ಎಂದು ಕಿರುಚಿದ ಮಾವ, ಪಂಚಾಂಗ ತೆಗೆಯುವುದಕ್ಕೂ ಕಾಯದೆ ತನ್ನವರನ್ನೆಲ್ಲ ಎಬ್ಬಿಸಿಕೊಂಡು ಹೊರಟೇಹೋದ.

ಸಂಜೆ ತೂಗಾಡುತ್ತ ಬಂದ ಲೊಚಕ್ಕನನ್ನು ಓತಿಕ್ಯಾತ ಕೇಳಿದ, "ಕತ್ತು ಹೇಗಿದೆ?"

"ಕತ್ತು ವಾಸಿ ವೈದ್ಯರೇ, ಬಾಲ ಹೋಯಿತು."

ಅವರೆಲ್ಲ ಹೊರಟುಹೋದದ್ದನ್ನು ಬೇಲಿಯ ಮೇಲಿಂದಲೇ ಕಂಡಿದ್ದ ಓತಿಕ್ಯಾತ ತಲೆಯಾಡಿಸಿದ. "ಬಾಲ ಮತ್ತೆ ಬರುತ್ತದೆ ಬಿಡಿ. ಗಂಡಿನ ಕಡೆಯವರು ಬರುವುದಿಲ್ಲ."