ಬೇಲಿ ಹಾರಿದ ಆಡಿನ ಅಂಕಪಟ್ಟಿ

ಸಂತೆಗೆ ಗಾಡಿ ಎಳೆದೇ ಮುಪ್ಪಾದ ಎತ್ತೊಂದು ವ್ಯಾಪಾರ ಕಲಿಸುವ ಶಾಲೆ ನಡೆಸುತ್ತಿತ್ತು. ಆ ವರ್ಷ ಉಳಿದದ್ದು ಒಂದೇ ಸೀಟು. ಅದನ್ನು ಕೇಳಿಕೊಂಡು ಬಂದದ್ದು ಮಂದೆಯ ಕಾಲೇಜಿನಲ್ಲಿ ಜೊತೆಗೆ ಓದಿದ್ದ ಕುರಿ ಮತ್ತು ಆಡು.

ಎತ್ತು ಆಡಿನ ಅಂಕಪಟ್ಟಿ ನೋಡಿತು. "ಏನೋ ಇದು, ಮುಂದಿನವರ ಹಿಂದೆ ನಡೆಯುವ ವಿಷಯದಲ್ಲಿ ಬರೀ ಮೂವತ್ತಾರು! ಕುರಿಗೆ ನೋಡು, ತೊಂಬತ್ತೆರಡು."

"ತಪ್ಪು ನನ್ನದೇ ಗುರುಗಳೇ. ಪರೀಕ್ಷೆಯ ದಿನವೂ ಬೇಲಿ ಹಾರಿ ಸೊಪ್ಪು ತಿನ್ನೋಕೆ ಹೋಗಿದ್ದೆ. ಆ ಅಂಕ ಇನ್ನು ಬದಲಾಗೋದಿಲ್ಲ. ನೀವು ಪ್ರಶ್ನೆ ಕೇಳಿ ನೋಡಿ."

ಕುರಿ ಕಿಸಕ್ಕನೆ ನಕ್ಕಿತು.

ಎತ್ತು ಕೇಳಿತು, "ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿದೆ. ಸಂತೆಗೆ ಬಂದ ಎಮ್ಮೆಗಳಿಗೆ ಏನು ಮಾರುತ್ತೀರಿ?"

"ಮುಂದಿನವರು ಮಾರಿದ್ದನ್ನೇ," ಎಂದಿತು ಕುರಿ.

"ಕೆರೆಯಾಚೆ ಬಸರಿ ಮರ ಚಿಗುರಿರುತ್ತೆ, ಗುಡ್ಡದ ಬುಡದಲ್ಲಿ ಅತ್ತಿ," ಎಂದಿತು ಆಡು. "ಎರಡನ್ನೂ ತಿಂದು ನೋಡಿದ್ದೇನೆ. ಬಸರಿ ಸೊಪ್ಪೇ ರುಚಿ, ಅದನ್ನೇ ಮಾರುತ್ತೇನೆ."

ಎತ್ತು ಸೀಟನ್ನು ಆಡಿಗೆ ಕೊಟ್ಟಿತು. "ಇನ್ನು ಬೇಲಿ ಹಾರಿದರೆ, ಕಂಡದ್ದನ್ನು ಬಂದು ತರಗತಿಗೆ ಹೇಳಬೇಕು, ತಿಳೀತಾ?"

ಹೊರಗೆ ಬಂದ ಮೇಲೆ ಕುರಿ ಮೆಲ್ಲಗೆ ಕೇಳಿತು, "ಅಣ್ಣಾ, ಆ ಬಸರಿ ಮರಕ್ಕೆ ದಾರಿ ಯಾವುದು?"

"ನನ್ನ ಹಿಂದೆ ಬಾ," ಎಂದಿತು ಆಡು. "ಅದರಲ್ಲಿ ನಿನಗೆ ತೊಂಬತ್ತೆರಡು ಬಂದಿದೆಯಲ್ಲ!"