ತಿಪ್ಪ ನರಿ ಸುಟ್ಟ ರಾಗಿ ಬಿಲ್ಲೆ

ಹೊಳೆಯೊಂದು ಬಳಸಿಕೊಂಡು ಹರಿಯುತ್ತಿದ್ದ ಒಂದು ಕಾಡಿನಲ್ಲಿ ನಾಯಿಗಳ ಹಿಂಡೊಂದು ಕಾವಲಿಗಿತ್ತು. ಹಿಂಡಿಗೆ ಹಿರಿಯಳು ಕೆಂಚಿ. ಗುಡ್ಡದ ಚಿರತೆ ಕೆಳಗಿಳಿದರೆ ಸಾಕು, ಕೆಂಚಿ ಬೊಗಳುತ್ತಿದ್ದಳು. ಉಳಿದ ನಾಯಿಗಳು ಬಾಣದ ಹಾಗೆ ಅವಳ ಹಿಂದೆ ನುಗ್ಗುತ್ತಿದ್ದವು. ಚಿರತೆ ಬಂದ ದಾರಿಗೆ ಸುಂಕವಿಲ್ಲ ಎಂದು ಗುಡ್ಡ ಹತ್ತುತ್ತಿತ್ತು.

ಈ ಉಪಕಾರಕ್ಕೆ ಕಾಡಿನವರೆಲ್ಲ ಸೇರಿ ನಾಯಿಗಳಿಗೆ ದಿನವೂ ತಿಂಡಿ ಮಾಡಿಸುತ್ತಿದ್ದರು. ಅಳಿಲುಗಳು ರಾಗಿ ಕೊಡುತ್ತಿದ್ದವು. ಮೊಲಗಳು ಸಿಹಿಗುಂಬಳ ಉರುಳಿಸಿಕೊಂಡು ಬರುತ್ತಿದ್ದವು. ಮಂಗಗಳದು ಕಡಲೆಕಾಯಿ, ಕಾಡುಕೋಳಿಗಳದು ಮೊಟ್ಟೆ. ಮಾದಜ್ಜಿ ಎಂಬ ಮುದಿ ಕರಡಿ ಇದನ್ನೆಲ್ಲ ಕಲಸಿ, ಬಿಲ್ಲೆ ತಟ್ಟಿ, ಪಾಳುಬಿದ್ದ ಒಂದು ಹುತ್ತದೊಳಗೆ ಕೆಂಡ ಹಾಕಿ ಸುಡುತ್ತಿದ್ದಳು. ಆ ಹುತ್ತವೇ ಅವಳ ಒಲೆ.

ಒಂದು ವರ್ಷ ಮಾದಜ್ಜಿಯ ಕಣ್ಣು ಮಂಜಾಯಿತು. ಬಿಲ್ಲೆ ಕರಕಲಾಗತೊಡಗಿತು. ಆಗ ತಿಪ್ಪ ಎಂಬ ನರಿ ಮುಂದೆ ಬಂದು ಕೈಮುಗಿದ.

"ಅಜ್ಜಿ, ನೀನು ಕೂತು ಬಿಸಿಲು ಕಾಯಿಸ್ಕೋ. ಬಿಲ್ಲೆ ನಾನು ಸುಡ್ತೀನಿ."

ಮಾದಜ್ಜಿಗೆ ಸಂತೋಷವಾಯಿತು. "ಸುಡು ಮಗಾ. ಆದರೆ ನೆನಪಿಟ್ಟುಕೋ. ನಾಯಿ ಹೊಟ್ಟೆಗೆ ಉಪ್ಪು ಆಗೋದಿಲ್ಲ, ಸಿಹಿ ಬೇಡ. ಕುಂಬಳ ಬೇಯಿಸಿ ಹಿಸುಕು. ಕಡಲೆಕಾಯಿ ಸಿಪ್ಪೆ ತೆಗೆದು ಅರೆ. ಬಿಲ್ಲೆ ಒಳಗೂ ಗರಿಯಾಗಬೇಕು, ಅವಸರ ಮಾಡಬೇಡ."

ಕೆಲವು ದಿನ ತಿಪ್ಪ ಹೇಳಿದ ಹಾಗೇ ಮಾಡಿದ. ಆಮೇಲೆ ಒಂದು ಬೆಳಿಗ್ಗೆ ಮೊಟ್ಟೆಯೊಂದು ಬಿರುಕು ಬಿಟ್ಟಿತ್ತು. ಚೆಲ್ಲಿ ಹೋಗುವುದೇಕೆ ಎಂದು ನೆಕ್ಕಿದ. ಆಹಾ! ಮರುದಿನ ಬಿರುಕು ಬಿಡದ ಮೊಟ್ಟೆಯನ್ನೂ ನೆಕ್ಕಿದ. ಬರಬರುತ್ತ ಮೊಟ್ಟೆ, ಕುಂಬಳ, ಕಡಲೆಕಾಯಿ ಎಲ್ಲ ಅವನ ಗುಹೆಯ ಹಿಂದಿನ ಗುಂಡಿ ಸೇರಿದವು. ಬಿಲ್ಲೆಗೆ ಉಳಿದದ್ದು ಒಂದು ಹಿಡಿ ರಾಗಿ ಮತ್ತು ರಾಶಿ ಹೊಟ್ಟು.

ಹೊಟ್ಟಿನ ಬಿಲ್ಲೆಯನ್ನು ಕೆಂಚಿ ಮೂಸಿ ನೋಡಿದಳು. "ತಿಪ್ಪಾ, ಇವತ್ತು ಯಾಕೋ ಗಂಟಲಲ್ಲಿ ಇಳೀತಿಲ್ಲ ಕಣೋ."

ತಿಪ್ಪ ಬಿಲ್ಲೆಯನ್ನು ತಿರುಗಿಸಿ ನೋಡುವ ಹಾಗೆ ಮಾಡಿದ. "ಹಿಟ್ಟು ಸ್ವಲ್ಪ ದಪ್ಪ ಆಯ್ತು ಕೆಂಚಕ್ಕ. ನಾಳೆ ನೋಡು, ಬಾಯಿ ಚಪ್ಪರಿಸ್ತೀಯ."

ಜಿಂಕೆಗಳು ನೆಕ್ಕುವ ಉಪ್ಪುಮಣ್ಣು ಕೆರೆಯ ದಂಡೆಯಲ್ಲಿತ್ತು. ಬಿದ್ದ ಜೇನುಗೂಡೊಂದು ಮರದ ಬುಡದಲ್ಲಿತ್ತು. ತಿಪ್ಪ ಎರಡನ್ನೂ ಹೊಟ್ಟಿಗೆ ಕಲಸಿ ಸುಟ್ಟ. ನಾಯಿಗಳು ಮುಗಿಬಿದ್ದು ತಿಂದವು. "ಮಾದಜ್ಜಿ ಕೈಗಿಂತ ನಿನ್ನ ಕೈಯೇ ರುಚಿ!" ಎಂದು ಹೊಗಳಿದವು. ಮಾದಜ್ಜಿ ದೂರದಲ್ಲಿ ಕೂತು ಕೇಳಿಸಿಕೊಂಡಳು. ಅವಳಿಗೆ ಸ್ವಲ್ಪ ಬೇಸರವಾಯಿತು.

ತಿಪ್ಪ ಗೆದ್ದಿದ್ದ. ಆದರೂ ಆ ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಣಗಿದ ಎಲೆ ಸರಕ್ಕೆಂದರೆ ಮಾದಜ್ಜಿ ಬಂದಳೇನೋ ಎಂದು ಹಾರಿ ಬೀಳುತ್ತಿದ್ದ. ಮಂಗವೊಂದು ಸುಮ್ಮನೆ ನೋಡಿದರೂ, ಇವನಿಗೆಲ್ಲ ಗೊತ್ತಾಗಿದೆ ಎಂದು ಬೆವರುತ್ತಿದ್ದ. ಗುಂಡಿಯ ಮಾಲನ್ನು ಬೆಳಿಗ್ಗೆ ಬಿದಿರು ಮೆಳೆಗೆ ಸಾಗಿಸುತ್ತಿದ್ದ. ಅಲ್ಲಿ ಕಾಗೆ ಕೂಗಿದರೆ ಬಂಡೆಯ ಸಂದಿಗೆ ಸಾಗಿಸುತ್ತಿದ್ದ. ತಿನ್ನಲು ಬಾಯಿ ಹಾಕಿದರೆ ಕಿವಿ ಹಿಂದಕ್ಕೆ ತಿರುಗುತ್ತಿತ್ತು. ಕಡಲೆಕಾಯಿ ಬಾಯಲ್ಲಿದ್ದರೂ ರುಚಿ ನಾಲಿಗೆಗೆ ಹತ್ತುತ್ತಿರಲಿಲ್ಲ.

ಇತ್ತ ನಾಯಿಗಳಿಗೂ ನೆಮ್ಮದಿ ತಪ್ಪಿತು. ಹೊಳೆಗೆ ಎಷ್ಟು ಸಲ ಹೋದರೂ ದಾಹ ಇಂಗುತ್ತಿರಲಿಲ್ಲ. ಹೊಟ್ಟೆ ಉಬ್ಬಿತು, ಕೂದಲು ಉದುರಿತು. ಒಂದು ನಾಯಿ ಬೊಗಳಲು ಎದ್ದು, ಮರೆತಂತೆ ಮತ್ತೆ ಮಲಗಿತು.

"ವಯಸ್ಸಾಯ್ತು ಅನ್ಸುತ್ತೆ ಕಣೋ ತಿಪ್ಪ," ಎಂದಳು ಕೆಂಚಿ. "ಕಾಲು ಮಾತು ಕೇಳ್ತಿಲ್ಲ."

ನಿಜ ಹೇಳಿಬಿಡಲೇ ಎಂದು ತಿಪ್ಪನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ. "ಸೆಕೆ ಅಕ್ಕ, ಬರೀ ಸೆಕೆ. ಇನ್ನೊಂದು ಬಿಲ್ಲೆ ತಗೋ."

ಗುಡ್ಡದ ಮೇಲಿದ್ದ ಚಿರತೆ ಇದನ್ನೆಲ್ಲ ನೋಡುತ್ತಿತ್ತು. ನಾಯಿಗಳು ಓಡುತ್ತಿಲ್ಲ. ನರಿಯೊಂದು ಮಾತ್ರ ಹಗಲೆಲ್ಲ ಮೆಳೆಯಿಂದ ಬಂಡೆಗೆ, ಬಂಡೆಯಿಂದ ಗುಂಡಿಗೆ ಒಂಟಿಯಾಗಿ ಅಲೆಯುತ್ತಿದೆ. ಚಿರತೆ ಮೆಲ್ಲಗೆ ಇಳಿಯಿತು.

ಅದೇ ಸಂಜೆ ತಿಪ್ಪ ಮೊಟ್ಟೆಗಳನ್ನು ಎಲೆಯಲ್ಲಿ ಸುತ್ತಿ ಗುಂಡಿಗೆ ಇಳಿಸುತ್ತಿದ್ದ. ಹಿಂದೆ ಬಿಸಿಯುಸಿರು ತಾಗಿತು. ತಿರುಗಿದರೆ ಎರಡು ಹಳದಿ ಕಣ್ಣು!

"ಕೆಂಚಕ್ಕಾ! ಸತ್ತೆ! ಬಾರಕ್ಕಾ!"

ನಾಯಿಗಳು ಎದ್ದವು. ನಾಲ್ಕು ಹೆಜ್ಜೆ ಓಡಿದವು. ನಾಲಿಗೆ ಚಾಚಿ ಏದುಸಿರು ಬಿಡುತ್ತ ಒಂದೊಂದಾಗಿ ಕುಸಿದವು. ಕೆಂಚಿ ಒಬ್ಬಳೇ ಬಂದಳು. ಎಡವಿ ಬಿದ್ದಳು, ಎದ್ದಳು, ಮತ್ತೆ ಓಡಿದಳು. ಅಷ್ಟರಲ್ಲಿ ತಿಪ್ಪನ ಬಾಲ ಚಿರತೆಯ ಬಾಯಲ್ಲಿತ್ತು. ಕೆಂಚಿ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಅದರ ಮೇಲೆ ಬಿದ್ದಳು. ಚಿರತೆ ಪಂಜಾ ಬೀಸಿತು. ಅವಳ ಹೆಗಲು ಸೀಳಿತು.

ಆಗ ಕಾಡು ನಡುಗುವಂತೆ ಒಂದು ಗರ್ಜನೆ ಕೇಳಿತು. ಮಂಜುಗಣ್ಣಿನ ಮಾದಜ್ಜಿ ಕೂಗು ಬಂದ ದಿಕ್ಕಿಗೆ ಗಿಡ ಮುರಿಯುತ್ತ ನುಗ್ಗಿ ಬಂದಿದ್ದಳು. ಹಿಂಗಾಲಲ್ಲಿ ನಿಂತ ಆ ಕರಡಿಯನ್ನು ಕಂಡು ಚಿರತೆ ಹೆದರಿ ಗುಡ್ಡಕ್ಕೆ ಓಡಿತು. ತಿಪ್ಪನ ಅರ್ಧ ಬಾಲವೂ ಅದರ ಜೊತೆಗೇ ಹೋಯಿತು.

ಕೆಂಚಿ ನೆಲಕ್ಕೊರಗಿ ಏದುತ್ತಿದ್ದಳು. "ತಪ್ಪು ತಿಳೀಬೇಡ ತಿಪ್ಪಾ," ಎಂದಳು. "ಬೇಗ ಬರೋಣ ಅಂತಲೇ ಹೊರಟೆ. ಆಗ್ಲಿಲ್ಲ."

ಆ ಮಾತು ತಿಪ್ಪನಿಗೆ ಚಿರತೆಯ ಹಲ್ಲಿಗಿಂತ ಆಳಕ್ಕೆ ನಾಟಿತು.

ಮಾದಜ್ಜಿಯ ಮೂಗು ಮಾತ್ರ ಮಂಜಾಗಿರಲಿಲ್ಲ. ಗುಂಡಿಯತ್ತ ಮೂಸಿದಳು. ಮೊಟ್ಟೆ, ಕುಂಬಳ, ಕಡಲೆಕಾಯಿ! ನೇರ ಹುತ್ತದ ಬಳಿಗೆ ಹೋಗಿ ಒಂದು ಬಿಲ್ಲೆ ಮುರಿದು ನಾಲಿಗೆಗಿಟ್ಟಳು. ತುಪುಕ್ ಎಂದು ಉಗಿದಳು.

"ಹೊಟ್ಟು! ಉಪ್ಪುಮಣ್ಣು! ಕಾಯುವವರಿಗೆ ಇದನ್ನಾ ತಿನ್ನಿಸಿದ್ದು?"

ಸುತ್ತ ಸೇರಿದವರೆಲ್ಲ ಕೋಪದಿಂದ ಕುದಿದರು. "ಹೊಳೆಯಾಚೆ ಅಟ್ಟಿ!" ಎಂದವು ಮಂಗಗಳು.

"ಅಟ್ಟೋದು ಬೇಡ," ಎಂದಳು ಮಾದಜ್ಜಿ. "ಸುಟ್ಟದ್ದು ಇನ್ನೂ ಒಂದು ರಾಶಿ ಉಳಿದಿದೆ. ಸುಟ್ಟವನೇ ತಿಂದು ಮುಗಿಸಲಿ."

ತಿಪ್ಪ ತಿಂದ. ಗಂಟಲು ಕೆರೆಯಿತು, ಹೊಟ್ಟೆ ಉಬ್ಬಿತು. ಹೊಳೆಗೆ ಓಡಿದ, ಕುಡಿದ, ಮತ್ತೆ ಓಡಿದ. ಕೆಂಚಿ ಇಷ್ಟು ದಿನ ಪಟ್ಟ ಪಾಡು ಏನೆಂದು ಅವನಿಗೆ ಆಗ ತಿಳಿಯಿತು. ಅವಳ ಮುಂದೆ ಬಂದು ನಿಂತ. "ಅಕ್ಕಾ, ನಿನಗೆ ವಯಸ್ಸಾಗಿರಲಿಲ್ಲ. ಎಲ್ಲ ನನ್ನ ಬಿಲ್ಲೆಯ ಕೆಲಸ," ಎಂದು ಅತ್ತ.

ಕೆಂಚಿ ಹೆಗಲ ಗಾಯ ನೆಕ್ಕಿಕೊಂಡಳು. "ಹಸಿವಾಗ್ತಿದೆ," ಎಂದಳು ಕೊನೆಗೆ. "ಹೋಗಿ ಸರಿಯಾಗಿ ಸುಟ್ಟುಕೊಂಡು ಬಾ."

ತಿಪ್ಪ ಗುಂಡಿಯ ಕುಂಬಳವನ್ನೆಲ್ಲ ಹೊತ್ತು ತಂದ. ಮಾದಜ್ಜಿ ಪಕ್ಕದಲ್ಲೇ ಕೂತು ಮೂಸುತ್ತ, ಗದರುತ್ತ ಸುಡಿಸಿದಳು. ಮೊದಲ ಬಿಲ್ಲೆಯನ್ನು ಎಲ್ಲರೆದುರು ತಿಪ್ಪನೇ ತಿನ್ನಬೇಕು, ಆಮೇಲೆ ನಾಯಿಗಳಿಗೆ ಎಂದು ಗೊತ್ತುಮಾಡಿದರು. ಮಳೆಗಾಲ ಬರುವ ಹೊತ್ತಿಗೆ ನಾಯಿಗಳ ಮೈ ಮತ್ತೆ ಮಿರುಗಿತು. ಕೆಂಚಿ ಬೊಗಳಿದರೆ ಗುಡ್ಡ ಮಾರ್ದನಿಸುತ್ತಿತ್ತು. ತಿಪ್ಪನ ಬಾಲ ಮಾತ್ರ ಬೆಳೆಯಲಿಲ್ಲ. ಆದರೆ ಎಷ್ಟೋ ದಿನದ ಮೇಲೆ ಅವನು ಒಂದು ಮರದ ಬುಡದಲ್ಲಿ ಮುದುಡಿ, ಎಲೆ ಸರಕ್ಕೆಂದರೂ ಕಣ್ಣು ತೆರೆಯದೆ ನಿದ್ದೆ ಹೋದ.

ನೀತಿ: ನಮ್ಮನ್ನು ಕಾಯುವವರ ತುತ್ತಿನಲ್ಲಿ ಮೋಸ ಮಾಡಿದರೆ, ಆಪತ್ತಿನಲ್ಲಿ ಆ ಮೋಸ ಮೊದಲು ನಮ್ಮನ್ನೇ ಕಚ್ಚುತ್ತದೆ.